ಧರ್ಮದ ಕಾಲಂನಲ್ಲಿ ಏನು ಬರೆಯಲಿ ಅಂತ ಕೇಳಿದ್ದೀರಿ

ಮುಂದಿನ ತಿಂಗಳು ಹೆಂಡತಿ, ಮಗಳ ಜೊತೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬರುತ್ತಿದ್ದೇನೆ ಅಂತ ಬರೆದಿದ್ದೀರಿ. ವಿಳಾಸ ನೋಂದಣಿ ಅರ್ಜಿಯಲ್ಲಿ ಧರ್ಮ ಯಾವುದು ಅಂತ ಯಾಕೆ ಕೇಳುತ್ತಾರೆ? ಹೆಸರಲ್ಲೇ ‘ಕ್ರಿಶ್ಚಿಯನ್’ ಅಂತಿರುವ ದೊಡ್ಡ ಪಕ್ಷವಿರುವ ದೇಶದಲ್ಲಿ ನಮ್ಮಂಥವರಿಗೆ ತೊಂದರೆ ಆಗುವುದಿಲ್ವಾ? ಶಾಲೆಯಲ್ಲಿ ಮಗಳಿಗೆ ಧರ್ಮದ ಪಾಠ ಕಡ್ಡಾಯವಾ? ಮೂರನ್ನೂ ಓದಿದಾಗ ನನಗೆ ನಾನು ಬಂದ ದಿನವೇ ನೆನಪಾಯಿತು.

ಅದು 2009ರ ಜನವರಿ. ರೈಲು ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು ನಮ್ಮ ಕರಾವಳಿಯ ಒಬ್ಬ ಕ್ಯಾಥೊಲಿಕ್ ಹಿರಿಯರು. ಪರಿಚಯ ಅಂದರೆ ಎರಡು ಇಮೇಲ್, ಅಷ್ಟೇ. ಮನೆ ಸಿಗುವವರೆಗೆ ಆರು ವಾರ ಅವರಲ್ಲೇ ಇದ್ದೆ. ಬಂದ ಸಂಜೆ ಕೋಟು ಬಿಚ್ಚುವ ಮೊದಲೇ ಅವರು ಒಂದು ಚೀಟಿ ಕತ್ತರಿಸಿ, ಅದರಲ್ಲಿ ನನ್ನ ಹೆಸರು ಬರೆದು, ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ತಮ್ಮ ಹೆಸರಿನ ಕೆಳಗೆ ಟೇಪ್ ಹಾಕಿ ಅಂಟಿಸಿದರು. ‘ಹೆಸರು ಇಲ್ಲದಿದ್ರೆ ಇಲ್ಲಿ ಕಾಗದ ಬರುದಿಲ್ಲ ಮಾರಾಯ’ ಅಂದರು.

ಮರುದಿನ ನೋಂದಣಿ ಕಚೇರಿಗೂ ಅವರೇ ಬಂದರು. ಧರ್ಮದ ಕಾಲಂ ನೋಡಿ ನನ್ನ ಕೈ ನಿಂತಿತು. ‘ನಿಂದು ಖಾಲಿ ಬಿಡು. ಕಟ್ ಆಗುದು ನನ್ನ ಸಂಬಳದಲ್ಲಿ ಮಾತ್ರ’ ಅಂದರು. ಅದರಲ್ಲಿ ಗುಟ್ಟೇನೂ ಇಲ್ಲ. ದೊಡ್ಡ ಚರ್ಚುಗಳ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿ ಆ ಚರ್ಚುಗಳಿಗೆ ಕೊಡುತ್ತದೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲೂ ಪಕ್ಕದ ಬವೇರಿಯಾ ರಾಜ್ಯದಲ್ಲೂ ಆದಾಯ ತೆರಿಗೆಯ 8%, ಉಳಿದ ಕಡೆ 9%. ಸಂಬಳದ ಮೇಲಲ್ಲ, ತೆರಿಗೆಯ ಮೇಲೆ. ಸರ್ಕಾರಿ ಚರ್ಚ್ ಅನ್ನುವುದು ಇಲ್ಲ ಅಂತ 1919ರ ಸಂವಿಧಾನದಲ್ಲೇ ಬರೆದರು, ಈ ವಸೂಲಿಯನ್ನು ಮಾತ್ರ ಉಳಿಸಿಕೊಂಡರು. ಆ ವಿಧಿಗಳು 1949ರ ಸಂವಿಧಾನದಲ್ಲೂ ಹಾಗೇ ಇವೆ. ಅವರ ಸಂಬಳದ ಚೀಟಿಯಲ್ಲಿ ‘ಆರ್‌ಕೆ’ ಅಂತ ಇರುತ್ತಿತ್ತು, ರೋಮನ್ ಕ್ಯಾಥೊಲಿಕ್ ಅಂತ. ನನ್ನದರಲ್ಲಿ ಆ ಜಾಗದಲ್ಲಿ ಎರಡು ಗೆರೆ. ನೀವೂ ಖಾಲಿ ಬಿಡಿ.

ಶಾಲೆಯ ವಿಷಯ: ಕಡ್ಡಾಯ ಅಲ್ಲ, ಬೇಡ ಅಂತ ಬರೆದುಕೊಟ್ಟರೆ ಸಾಕು. ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ಅವಳೇ ತೀರ್ಮಾನ ಮಾಡಬಹುದು.

ಪಕ್ಷದ ಹೆಸರಿನ ಬಗ್ಗೆ ನಿಮಗಿರುವ ಭಯ ನನಗೂ ಇತ್ತು. ಹಿಟ್ಲರ್ ಬರುವ ಮೊದಲು ಇಲ್ಲಿನ ಕ್ಯಾಥೊಲಿಕರಿಗೆ ಸೆಂಟ್ರುಮ್ ಅಂತ ಬೇರೆಯೇ ಪಕ್ಷ ಇತ್ತು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು 1618ರಿಂದ 1648ರವರೆಗೆ ಬಡಿದಾಡಿದ ನೆಲ ಇದು. ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಲು 1945ರಲ್ಲಿ ಕಟ್ಟಿದ ಪಕ್ಷ ಸಿಡಿಯು, ಅಂದರೆ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್. ಒಳಜಗಳ ನಿಲ್ಲಿಸಲು ಇಟ್ಟ ಹೆಸರದು. 2010ರಲ್ಲಿ ಅದೇ ಪಕ್ಷದಿಂದ ಟರ್ಕಿ ಮೂಲದ ಮುಸ್ಲಿಂ ಮಹಿಳೆ ಐಗುಲ್ ಓಜ್ಕಾನ್ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಮಂತ್ರಿಯಾದರು.

ಹಾಗಂತ ಎಲ್ಲ ಸುಸೂತ್ರ ಅಂತ ಹೇಳಲಾರೆ. ಸರ್ಕಾರಿ ಶಾಲೆಯಲ್ಲಿ ಶಿಲುಬೆ ಬೇಡ ಅಂದಿದ್ದಕ್ಕೆ ಅದೇ ಓಜ್ಕಾನ್ ಮೇಲೆ ಅವರ ಪಕ್ಷದವರೇ ಮುಗಿಬಿದ್ದಿದ್ದರು. 2018ರ ಜೂನ್‌ನಿಂದ ಬವೇರಿಯಾ ಸರ್ಕಾರ ತನ್ನ ಕಚೇರಿಗಳ ಬಾಗಿಲಲ್ಲಿ ಶಿಲುಬೆ ಹಾಕಿಸಿತು. ಅದನ್ನು ಜೋರಾಗಿ ಟೀಕಿಸಿದವರಲ್ಲಿ ಮ್ಯೂನಿಕ್‌ನ ಕಾರ್ಡಿನಲ್ ಮಾರ್ಕ್ಸ್ ಕೂಡ ಇದ್ದರು. ಶಿಲುಬೆಯನ್ನು ಬರೀ ಸಂಸ್ಕೃತಿಯ ಗುರುತು ಅಂದುಕೊಂಡವರಿಗೆ ಅದು ಅರ್ಥವೇ ಆಗಿಲ್ಲ ಅನ್ನುವುದು ಅವರ ಮಾತು. ಧರ್ಮದ ಯಜಮಾನರೇ ಸರ್ಕಾರಕ್ಕೆ ‘ಇದು ಬೇಡ’ ಅಂದದ್ದು ನನಗೆ ಹೊಸದು. 2023ರಲ್ಲಿ ನ್ಯಾಯಾಲಯ ಶಿಲುಬೆ ಇರಲಿ ಅಂತು, ಅದು ಬೇರೆ ಮಾತು.

ಈಗ ನೀವು ಕೇಳದೇ ಇದ್ದದ್ದನ್ನು ಹೇಳುತ್ತೇನೆ. ನಾನು 2018ರಲ್ಲಿ ಇಲ್ಲಿನ ಪೌರತ್ವ ತೆಗೆದುಕೊಂಡೆ. ನಮ್ಮ ಪಾಸ್‌ಪೋರ್ಟ್ ಒಪ್ಪಿಸುವಾಗ ಹೇಗಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಇಲ್ಲಿನ ಸಂಸತ್ತಿಗೆ ಮತ ಹಾಕಿದೆ. ಡಿಸೆಂಬರ್ 8ಕ್ಕೆ ಓಲಾಫ್ ಶೋಲ್ಸ್ ದೇವರ ಹೆಸರು ಹೇಳದೆ ಚಾನ್ಸಲರ್ ಆಗಿ ಪ್ರಮಾಣ ತೆಗೆದುಕೊಂಡರು. ಇಲ್ಲಿನ ಸಂವಿಧಾನದಲ್ಲಿ ಎರಡಕ್ಕೂ ಅವಕಾಶ ಇದೆ. ಮರುದಿನ ಆಫೀಸಿನಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಎಂಥ ದೇಶದ ಮತದಾರ ನಾನು ಅಂತ ಎದೆ ಉಬ್ಬಿತು.

ಎರಡು ವಾರ ಕಳೆದಿತ್ತು. ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆಯ ಗಲಾಟೆ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡೇ ಫೋನ್ ನೋಡುತ್ತಿದ್ದೆ. ಚರ್ಚುಗಳೆಲ್ಲ ದುಡ್ಡು ಹಂಚುವ ಅಂಗಡಿಗಳು ಅನ್ನುವಂಥ ಒಂದು ಮೆಸೇಜ್ ಬಂತು. ಪೂರ್ತಿ ಓದಲಿಲ್ಲ, ನಿಜವಾ ಅಂತ ನೋಡಲಿಲ್ಲ. ಸುಮ್ನೆ ನಮ್ಮ ಕನ್ನಡದವರ ಗುಂಪಿಗೆ ಕಳಿಸಿದೆ. ಆ ಗುಂಪಿನಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಆ ಹಿರಿಯರೂ ಇದ್ದರು. ಹನ್ನೆರಡು ವರ್ಷ ಪ್ರತಿ ಕ್ರಿಸ್‌ಮಸ್‌ಗೂ ನಾವು ಊಟ ಮಾಡಿದ್ದು ಅವರ ಮನೆಯಲ್ಲಿ. ಅವರು ಬರೆದದ್ದು ಒಂದೇ ಸಾಲು: ‘ಇದರಲ್ಲಿ ನಾನೂ ಸೇರಿದ್ದೇನಾ?’ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಬೆಳಿಗ್ಗೆ ನೋಡಿದರೆ ಅವರು ಗುಂಪು ಬಿಟ್ಟಿದ್ದರು.

ಮಸೂದೆ ಸರಿಯೋ ತಪ್ಪೋ ಅನ್ನುವುದು ಚರ್ಚೆ ಮಾಡಬೇಕಾದ ವಿಷಯವೇ. ನಾನು ಚರ್ಚೆ ಮಾಡಲಿಲ್ಲ. ಇಲ್ಲಿ ಯಾರಾದರೂ ‘ನಿಮ್ಮವರೆಲ್ಲ ಹೀಗೇ’ ಅಂದರೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅದನ್ನೇ ನಾನು ಅವರಿಗೆ, ಅವರದೇ ಭಾಷೆಯಲ್ಲಿ ಹೇಳಿದೆ. ಹಬ್ಬ ಮುಗಿಯಲಿ, ಫೋನ್ ಮಾಡೋಣ ಅಂದುಕೊಂಡೆ. ಹೊಸ ವರ್ಷ ಕಳೆಯಿತು. ದಿನ ಹೋದಷ್ಟೂ ನಾಚಿಕೆ ಜಾಸ್ತಿಯಾಯಿತು. ಮುಂದಿನ ಬೇಸಿಗೆಗೆ ಅವರು ಊರು ಬಿಟ್ಟು ಹೋದರು ಅಂತ ಬೇರೆ ಯಾರೋ ಹೇಳಿದರು.

ನೀವು ಬಂದ ವಾರವೇ ನಿಮ್ಮನ್ನೂ ಆ ಗುಂಪಿಗೆ ಸೇರಿಸುತ್ತಾರೆ. ಸೇರಿ. ಮನೆ ಹುಡುಕಲು, ಡಾಕ್ಟರ್ ಹುಡುಕಲು ಅದು ಬೇಕೇ ಬೇಕು. ಊರಿನ ಚುನಾವಣೆ ಬಂದಾಗ ಏನನ್ನಾದರೂ ಕಳಿಸುವ ಮುಂಚೆ ಗುಂಪಿನಲ್ಲಿರುವ ಹೆಸರುಗಳನ್ನು ಒಂದು ಸಲ ಮೇಲಿಂದ ಕೆಳಗೆ ಓದಿ. ನಾನು ಈಗ ಹಾಗೆ ಮಾಡುತ್ತೇನೆ.

ಮನೆಗೆ ಬಂದ ಮೇಲೆ ಎರಡು ವಾರದೊಳಗೆ ನೋಂದಣಿ ಆಗಬೇಕು. ಮನೆ ಮಾಲೀಕರು ಸಹಿ ಮಾಡಿದ ಪತ್ರ ಮರೆಯಬೇಡಿ. ಮನೆ ಸಿಗುವುದು ತಡವಾದರೆ ಹೇಳಿ, ನಮ್ಮಲ್ಲಿ ಒಂದು ಕೋಣೆ ಖಾಲಿ ಇದೆ. ನಿಮ್ಮ ಮೂವರ ಹೆಸರು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ ಅಂತ ಮೊದಲೇ ತಿಳಿಸಿ. ನೀವು ಬರುವ ಹೊತ್ತಿಗೆ ಅಂಚೆ ಪೆಟ್ಟಿಗೆಯ ಮೇಲೆ ಅಂಟಿಸಿಟ್ಟಿರುತ್ತೇನೆ.