ಸೊಪ್ಪು ಕೊಯ್ಯುವ ಮೊದಲೇ ಹೂದಂಟು ಏಕೆ?

ಪ್ರಶ್ನೆ: ಕುಂಡದ ಕೊತ್ತಂಬರಿ ಐದು ವಾರಕ್ಕೇ ಉದ್ದ ದಂಟು ಬಿಟ್ಟು ಹೂವಾಗುತ್ತಿದೆ. ಹೂ ಚಿವುಟಿದರೂ ನಿಲ್ಲುತ್ತಿಲ್ಲ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರದ ದೋಷ ಇರಲಾರದು. ಹಗಲು ಉದ್ದವಾಗಿ ಬಿಸಿಲು ಏರಿದಾಗ ಕೊತ್ತಂಬರಿ ಎಲೆ ಬಿಡುವುದನ್ನು ನಿಲ್ಲಿಸಿ ಬೀಜದ ಕಡೆ ತಿರುಗುತ್ತದೆ. ಮೇಲಿನ ಎಲೆಗಳು ಸಬ್ಬಸಿಗೆಯಂತೆ ಎಳೆಎಳೆಯಾದರೆ ಆ ತಿರುವು ಆಗಿಹೋಗಿದೆ ಎಂದರ್ಥ. ಆಮೇಲೆ ಚಿವುಟಿದರೆ ನಾಲ್ಕು ದಿನ ತಡವಾಗಬಹುದು, ಅಷ್ಟೇ. ಗಿಡವನ್ನು ಬೀಜಕ್ಕೆ ಬಿಟ್ಟು ಬೇರೆ ಕುಂಡದಲ್ಲಿ ಹೊಸದಾಗಿ ಬಿತ್ತುವುದೇ ಲೇಸು.

ಬೇರಿಗೆ ಆಗುವ ಪೆಟ್ಟೂ ಹೂವನ್ನು ಬೇಗ ತರಿಸುತ್ತದೆ. ಕೊತ್ತಂಬರಿಗೆ ತಾಯಿಬೇರು ಇರುವುದರಿಂದ ಸಸಿ ಕಿತ್ತು ನೆಡಬೇಡಿ. ಕನಿಷ್ಠ 20 ಸೆಂ.ಮೀ. ಆಳದ ಕುಂಡದಲ್ಲಿ ನೇರವಾಗಿ ಬಿತ್ತಿ. ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, 1 ಸೆಂ.ಮೀ. ಆಳಕ್ಕೆ ಹಾಕಿ, ಮೊಳೆತ ಮೇಲೆ ಗಿಡಗಳ ನಡುವೆ ನಾಲ್ಕೈದು ಸೆಂ.ಮೀ. ಉಳಿಯುವಂತೆ ತೆಳುಗೊಳಿಸಿ. ಒಂದು ದಿನ ಮಣ್ಣು ಬಿರಿಯುವಷ್ಟು ಒಣಗಿಸಿ ಮರುದಿನ ಕೆಸರು ಮಾಡುವ ನೀರುಣಿಕೆ ಬೇಡ. ಬಿಸಿಲುಗಾಲದಲ್ಲಿ ಮಧ್ಯಾಹ್ನದ ಹೊತ್ತು ನೆರಳು ಕೊಡಿ. ಅಡುಗೆಮನೆಯ ಡಬ್ಬಿಯ ಧನಿಯಾ ಬಿತ್ತಿದ್ದರೆ ಅದೂ ಒಂದು ಕಾರಣವಿರಬಹುದು: ಕಾಳಿಗಾಗಿ ಬೆಳೆಯುವ ತಳಿಗಳು ಸಹಜವಾಗಿಯೇ ಬೇಗ ಹೂ ಬಿಡುತ್ತವೆ. ಸೊಪ್ಪಿನ ತಳಿಯ ಬೀಜ ಕೇಳಿ ತನ್ನಿ. ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಒಂದೇ ಬಿತ್ತನೆ ಹೆಚ್ಚು ದಿನ ಬಾಳದು. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಬಿತ್ತುತ್ತಿರಿ.

ಪ್ರಶ್ನೆ: ಈರುಳ್ಳಿ ಗಡ್ಡೆ ಕಟ್ಟುವ ಮೊದಲೇ ಹೂದಂಟು ಎದ್ದಿದೆ. ಮುರಿದು ಹಾಕಲೇ?

ಉತ್ತರ: ಇಲ್ಲಿ ಕಾರಣ ಬೇರೆ, ಚಳಿ. ಈರುಳ್ಳಿಯದು ಎರಡು ಹಂಗಾಮಿನ ಬದುಕು: ಮೊದಲು ಗಡ್ಡೆ, ಆಮೇಲೆ ಬೀಜ. ಕುತ್ತಿಗೆ ಪೆನ್ಸಿಲ್ ದಪ್ಪಕ್ಕೆ ಬಂದ ಸಸಿಗೆ ಕೆಲವು ವಾರ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ತಗುಲಿದರೆ ಗಿಡ ಚಳಿಗಾಲ ಕಳೆದ ಲೆಕ್ಕ ಹಾಕಿ ಹೂವಿಗೆ ಹೊರಡುತ್ತದೆ. ಅದಕ್ಕಿಂತ ಎಳೆಯ ಸಸಿಗೆ ಅದೇ ಚಳಿ ಅಷ್ಟಾಗಿ ತಟ್ಟದು. ಹೀಗಾಗಿ ತೀರಾ ಮುಂಚೆ ಬಿತ್ತಿದವರಿಗೇ ಈ ಕಾಟ ಹೆಚ್ಚು. ಪುಟ್ಟ ಗಡ್ಡೆ ನೆಡುವವರು 2 ಸೆಂ.ಮೀ.ಗಿಂತ ದಪ್ಪದವನ್ನು ಬದಿಗಿಡಿ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸುಗಳಲ್ಲೂ ಚಳಿಯದೇ ಕೈವಾಡ.

ದಂಟು ಮುರಿಯಬಹುದು, ಆದರೆ ಗಡ್ಡೆಯ ನಡುವಿನ ಗಟ್ಟಿ ಕಾಂಡ ಹೋಗುವುದಿಲ್ಲ, ಅದರಿಂದಲೇ ಕೊಳೆಯೂ ಶುರುವಾಗುತ್ತದೆ. ಅಂಥವನ್ನು ದಾಸ್ತಾನಿಗೆ ಸೇರಿಸದೆ ಮೊದಲು ಕಿತ್ತು ಬಳಸಿಬಿಡಿ.