ಕಂಡದ್ದು, ಅಂದುಕೊಂಡದ್ದು

(ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದದ್ದು.)

ಸಿದ್ದಾಪುರದ ಕಡೆಯ ಸಣ್ಣ ತೋಟದ ಯಜಮಾನಿ, ಅರವತ್ತರ ಆಸುಪಾಸು. ನಿದ್ದೆ ಬರುವುದಿಲ್ಲವೆಂದು ಮಡಿಕೇರಿಗೆ, ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಜೀಪಿನಿಂದ ಇಳಿದ ಗತ್ತು ನೋಡಿ, ದರ್ಪದ ಹೆಂಗಸು ಅಂದುಕೊಂಡೆ. ಕೂತು ಐದು ನಿಮಿಷಕ್ಕೆ ಅತ್ತುಬಿಟ್ಟರು. ಪೂರ್ವಗ್ರಹದ ಪಾಠ ಹೇಳುವವಳ ಪಾಡು ಇದು.

ಗಂಡ ತೀರಿಕೊಂಡಿದ್ದಾರೆ, ಮಗ ಬೆಂಗಳೂರಲ್ಲಿ. ತೋಟದ ಕೆಲಸದವರ ಲೈನ್ ಮನೆಗೆ ಅಸ್ಸಾಮಿನ ಕುಟುಂಬವೊಂದು ಹೊಸದಾಗಿ ಬಂದಿದೆ. ಒಣಗಿಸಿಟ್ಟ ಕರಿಮೆಣಸಲ್ಲಿ ಒಂದು ಚೀಲ ಕಡಿಮೆ ಅನ್ನಿಸಿದ ದಿನದಿಂದ, ನಡುರಾತ್ರಿ ಟಾರ್ಚ್ ಹಿಡಿದು ಚೀಲ ಎಣಿಸುತ್ತಾರೆ.

"ಆ ಅಸ್ಸಾಮಿನವನೇ ಮೇಡಂ. ಮುಖ ಎತ್ತಿ ಮಾತಾಡಲ್ಲ."

"ನೀವು ಯಾವ ಭಾಷೆಯಲ್ಲಿ ಮಾತಾಡ್ತೀರಿ?"

"ಕನ್ನಡ."

"ಅವನಿಗೆ ಬರುತ್ತಾ?"

ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಕೂತರು. "ಬರಲ್ಲ."

ಅವನು ಬೇಗ ಹೋದರೆ ಏನನ್ನೋ ಬಚ್ಚಿಡಲು, ತಡವಾದರೆ ಏನನ್ನೋ ಕದಿಯಲು! ಇವರು ಗದರುತ್ತಾರೆ, ಅವನು ಕುಗ್ಗುತ್ತಾನೆ. ಆ ಕುಗ್ಗಿದ ಮುಖವೇ ಇವರಿಗೆ ಸಾಕ್ಷಿ. ಈ ಅಸ್ಸಾಮಿನವರನ್ನು ನಂಬಬೇಡಿ ಎಂದು ತೋಟದ ಲೆಕ್ಕ ಬರೆಯುವ ಹಳೇ ರೈಟರ್ ಮೊದಲ ದಿನವೇ ಹೇಳಿದ್ದರಂತೆ.

1950ರಲ್ಲಿ ಹೆರಾಲ್ಡ್ ಕೆಲಿ ಎಂಬ ಮನೋವಿಜ್ಞಾನಿ ನಡೆಸಿದ ಪ್ರಯೋಗದ ಬಗ್ಗೆ ಅವರಿಗೆ ಹೇಳಿದೆ. ಹೊಸ ಅಧ್ಯಾಪಕರು ಬರುವ ಮುಂಚೆ ವಿದ್ಯಾರ್ಥಿಗಳಿಗೆ ಅವರ ಪರಿಚಯದ ಚೀಟಿ ಹಂಚಿದ್ದರು. ಕೆಲವರದ್ದರಲ್ಲಿ 'ತುಂಬಾ ಆತ್ಮೀಯ ಸ್ವಭಾವ', ಉಳಿದವರದ್ದರಲ್ಲಿ 'ಸ್ವಲ್ಪ ಬಿಗುಮಾನ', ಮಿಕ್ಕಿದ್ದೆಲ್ಲ ಒಂದೇ. ಒಬ್ಬನೇ ಮನುಷ್ಯ, ಒಂದೇ ತರಗತಿ. ಆದರೂ ಮೊದಲ ಚೀಟಿ ಸಿಕ್ಕವರಿಗೆ ಆ ಅಧ್ಯಾಪಕರು ಹೆಚ್ಚು ಮೆಚ್ಚುಗೆಯಾದರು, ಚರ್ಚೆಯಲ್ಲಿ ಮಾತಾಡಿದವರೂ ಆ ವಿದ್ಯಾರ್ಥಿಗಳೇ ಹೆಚ್ಚು.

"ನಿಮ್ಮ ಕೈಗೆ ಚೀಟಿ ಕೊಟ್ಟವರು ರೈಟರ್" ಅಂದೆ.

ಕಳವೇ ಆಗಿಲ್ಲ ಎಂದು ನಾನು ಹೇಳಲಿಲ್ಲ. ಕೊಡಗಿನಲ್ಲಿ ಮೆಣಸಿನ ಕಳ್ಳತನ ಹೊಸದೇನೂ ಅಲ್ಲ. ನಾನು ಹೇಳಿದ್ದು ಇಷ್ಟು: ಎಲ್ಲರ ಎದುರು ಚೀಲ ತೂಗಿ, ಲೆಕ್ಕ ಬರೆದು, ಬೀಗ ಹಾಕಿ. ಜಾಗ್ರತೆಗೆ ಅಷ್ಟು ಸಾಕು, ಒಬ್ಬನ ಮುಖ ಕಾಯಬೇಕಿಲ್ಲ. ಇನ್ನು ಅವನ ವಿಷಯ ಬಂದಾಗಲೆಲ್ಲ ನೋಟ್‌ಬುಕ್ಕಿನ ಎಡಕ್ಕೆ 'ಕಂಡದ್ದು', ಬಲಕ್ಕೆ 'ಅಂದುಕೊಂಡದ್ದು' ಬರೆಯಿರಿ. ಬಟವಾಡೆ ದಿನ ಹೆಸರು ಹಿಡಿದು ಕರೆಯಿರಿ. ಹೆಸರು ಅವರಿಗೆ ಗೊತ್ತೇ ಇರಲಿಲ್ಲ.

ಮೂರನೇ ಭೇಟಿಗೆ ನೋಟ್‌ಬುಕ್ ತಂದರು. ಬಲಭಾಗ ತುಂಬಿ ತುಳುಕುತ್ತಿತ್ತು. ಎಡಕ್ಕೆ ನಾಲ್ಕೇ ಸಾಲು. ಕೊನೆಯದು: 'ನಾಲ್ಕು ಗಂಟೆಗೇ ಹೋದ. ಮಗುವಿಗೆ ಜ್ವರ.' ಅದರ ಎದುರು ಬಲಕ್ಕೆ ಏನೂ ಬರೆದಿರಲಿಲ್ಲ.

"ನಿದ್ದೆ?"

"ಪರವಾಗಿಲ್ಲ. ಬೀಗದ ಕೈ ಮಾತ್ರ ಇನ್ನೂ ದಿಂಬಿನ ಕೆಳಗೇ ಇಟ್ಕೊಳ್ತೀನಿ."