ಬೇಸಿಗೆಯಲ್ಲೂ ತಣ್ಣಗಾದ ಕೂಸು: ಆಪರೇಷನ್ ನಂತರದ ಮೂತ್ರಪಿಂಡದ ತೊಂದರೆ

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು. ಕರುಳು ಕಟ್ಟಿಕೊಂಡಿದ್ದರಿಂದ ನನ್ನ ತಂಗಿಯ ಗಂಡುಕೂಸಿಗೆ ಹುಟ್ಟಿದ ಮೂರನೆಯ ದಿನ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಆಸ್ಪತ್ರೆ ಮುಟ್ಟುವಾಗಲೇ ಮೈ ತಣ್ಣಗಿತ್ತು ಎಂದರು. ಆಮೇಲೆ ಎರಡು ದಿನ ಮೂತ್ರ ಕಡಿಮೆಯಾಗಿ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಏರಿತ್ತು. ಈಗ ಮನೆಯಲ್ಲಿದ್ದಾನೆ, ಹಾಲು ಕುಡಿಯುತ್ತಾನೆ. ಮೇ ತಿಂಗಳ ಬಿಸಿಲಿನಲ್ಲಿ ಕೂಸು ತಣ್ಣಗಾಗುವುದು ಹೇಗೆ? ಅದರಿಂದಲೇ ಕಿಡ್ನಿ ಕೆಟ್ಟಿತೇ?

ಉತ್ತರ: ಮೂತ್ರ ಮೊದಲಿನಂತೆ ಆಗುತ್ತಿದ್ದು, ಹಾಲು ಕುಡಿದು ತೂಕ ಏರುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಇಂತಹ ತಾತ್ಕಾಲಿಕ ಪೆಟ್ಟಿನಿಂದ ಹಲವು ಶಿಶುಗಳು ಚೇತರಿಸಿಕೊಳ್ಳುತ್ತವೆ.

ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಎ.ಸಿ. ಕೋಣೆಯಲ್ಲಿ, ಫ್ಯಾನಿನ ಕೆಳಗೆ ಅಥವಾ ಒದ್ದೆ ಬಟ್ಟೆಯಲ್ಲಿ ಕೂಸು ಬೇಗ ತಣ್ಣಗಾಗುತ್ತದೆ. ನವಜಾತ ಶಿಶುವಿನ ಕಂಕುಳಿನ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ದೊಡ್ಡವರಂತೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಅದಕ್ಕೆ ಬಾರದು. ಕತ್ತು, ಬೆನ್ನಿನ ಭಾಗದಲ್ಲಿರುವ ಕಂದು ಕೊಬ್ಬನ್ನು ಕರಗಿಸಿ ಶಾಖ ಪಡೆಯುತ್ತದೆ. ಅರಿವಳಿಕೆ ಕೊಟ್ಟಾಗ ಆ ಶಕ್ತಿಯೂ ಕುಗ್ಗುತ್ತದೆ. ಹೊಟ್ಟೆ ತೆರೆದಾಗ ಕರುಳಿನ ಮೇಲಿನ ತೇವ ಆರುತ್ತಾ ಇನ್ನಷ್ಟು ಶಾಖವನ್ನು ಒಯ್ಯುತ್ತದೆ. ಆದ್ದರಿಂದಲೇ ಇಂತಹ ಆಪರೇಷನ್ನಿಗೆ ಕೋಣೆಯನ್ನು ಬೆಚ್ಚಗಿಟ್ಟು, ಮೈಕೆಳಗೆ ಬಿಸಿ ಹಾಸಿಗೆ ಹಾಕಿ, ತಲೆ ಮುಚ್ಚಿ, ಸಲೈನನ್ನೂ ಬೆಚ್ಚಗೆ ಮಾಡಿ ಕೊಡಬೇಕಾಗುತ್ತದೆ.

ಮೈ ತಣ್ಣಗಾದರೆ ರಕ್ತನಾಳಗಳು ಬಿಗಿದು, ಮೊದಲೇ ಬಲಿಯದ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಆದರೆ ನಿಮ್ಮ ಕೂಸಿನಲ್ಲಿ ತಂಪೊಂದೇ ಕಾರಣ ಎಂದು ನಾನು ಹೇಳಲಾರೆ. ಕರುಳು ಕಟ್ಟಿದಾಗ ವಾಂತಿಯಿಂದ ನೀರಿನಂಶ ಇಳಿದಿರುತ್ತದೆ; ಸೋಂಕು, ರಕ್ತದೊತ್ತಡದ ಕುಸಿತ, ಕೆಲವು ಆ್ಯಂಟಿಬಯೋಟಿಕ್‌ಗಳೂ ಮೂತ್ರಪಿಂಡವನ್ನು ಬಾಧಿಸಬಲ್ಲವು. ಹೆಚ್ಚು ನಿತ್ರಾಣವಾದ ಕೂಸೇ ಬೇಗ ತಣ್ಣಗಾಗುವುದೂ ಉಂಟು. ಇಷ್ಟಾದರೂ ಈ ಕಾರಣಗಳಲ್ಲಿ ಊರಿನಿಂದ ಹೊರಡುವಾಗಲೇ ನಾವು ತಡೆಯಬಹುದಾದದ್ದು ತಂಪು. ಆಂಬುಲೆನ್ಸಿನಲ್ಲಿ ಮೈ ಒಣಗಿಸಿ, ಕುಂಚಿಗೆ ಕಟ್ಟಿ, ವೈದ್ಯರು ಒಪ್ಪಿದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಂಡು ಬರುವುದು ದೊಡ್ಡ ರಕ್ಷಣೆ. ಬಿಸಿನೀರಿನ ಬಾಟಲಿಯನ್ನು ಮೈಗೆ ತಾಗಿಸಬೇಡಿ, ಚರ್ಮ ಸುಡುತ್ತದೆ.

ಕ್ರಿಯಾಟಿನಿನ್ ಬಗ್ಗೆ ಒಂದು ಮಾತು. ಹುಟ್ಟಿದ ಮೊದಲ ದಿನಗಳಲ್ಲಿ ಅದು ಬಹುಮಟ್ಟಿಗೆ ತಾಯಿಯ ರಕ್ತದ ಮಟ್ಟವನ್ನೇ ತೋರಿಸಿ, ಆಮೇಲೆ ದಿನೇ ದಿನೇ ಇಳಿಯಬೇಕು. 48 ಗಂಟೆಯೊಳಗೆ ಪ್ರತಿ ಡೆಸಿಲೀಟರ್‌ಗೆ (100 ಮಿ.ಲೀ.) 0.3 ಮಿಲಿಗ್ರಾಂನಷ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದು ಪರಿಗಣಿಸುತ್ತೇವೆ. ಇಳಿಯಬೇಕಾದದ್ದು ಇಳಿಯದೆ ನಿಂತರೂ ಎಚ್ಚರ ವಹಿಸುತ್ತೇವೆ. ಹಾಗಾಗಿ ಒಂದೇ ವರದಿ ಸಾಲದು, ಎಲ್ಲ ವರದಿಗಳನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿಡಿ.

ಕೂಸು ಚೇತರಿಸಿಕೊಂಡಂತೆ ಕಂಡರೂ ವೈದ್ಯರು ಹೇಳಿದ ದಿನ ಕ್ರಿಯಾಟಿನಿನ್ ಮತ್ತೆ ಪರೀಕ್ಷಿಸಿ, ಮುಂದಿನ ವರ್ಷಗಳಲ್ಲಿಯೂ ಆಗಾಗ ರಕ್ತದೊತ್ತಡ ಮತ್ತು ಮೂತ್ರವನ್ನು ತಪಾಸಣೆ ಮಾಡಿಸಬೇಕು. ವೈದ್ಯರನ್ನು ಕೇಳದೆ ಗುಟ್ಟಿ, ನಾಟಿ ಔಷಧ, ಮೆಡಿಕಲ್ ಅಂಗಡಿಯ ನೋವಿನ ಸಿರಪ್ ಯಾವುದನ್ನೂ ಹಾಕಬೇಡಿ. ಆರೆಂಟು ಗಂಟೆ ಲಂಗೋಟಿ ಒದ್ದೆಯಾಗದಿದ್ದರೆ, ಮುಖ, ಕಾಲು ಬಾತರೆ, ಹಸಿರು ವಾಂತಿಯಾದರೆ ಅಥವಾ ಹಾಲು ಕುಡಿಯದೆ ಮಂಕಾದರೆ, ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಅಂದೇ ಡಿಸ್ಚಾರ್ಜ್ ಚೀಟಿಯೊಂದಿಗೆ ಆಸ್ಪತ್ರೆಗೆ ಕರೆತನ್ನಿ.